ನಮ್ಮ ಫಟಫಟಿಗೆ ಹಿಡಿದ ಜಂಗು

ದೀಪಾವಳಿಯು ಕಳೆದು ಚಳಿಯು ಕಾಲಿರಿಸಿತೆಂದರೆ ನಮ್ಮ ಸೀಮೆಯ ಹಾದಿಗಳ ರೂಪವೇ ಬೇರೆಯಾಗುವುದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಕಬ್ಬಿನ ಹಂಗಾಮು ಮೊದಲಾಗಿ, ಹಗಲಿರುಳೆನ್ನದೆ ಎತ್ತಿನ ಗಾಡಿಗಳೂ ಟ್ರ್ಯಾಕ್ಟರುಗಳೂ ಸಕ್ಕರೆಯ ಕಾರಖಾನೆಗಳತ್ತ ಸಾಲುಗಟ್ಟುವವು. ಜಾರಿಬಿದ್ದ ಕಬ್ಬುಗಳು ಗಾಲಿಗಳ ಕೆಳಗೆ ಅರೆದುಹೋಗಿ ಹಾದಿಯೆಲ್ಲ ಅಂಟಂಟಾಗುವುದು. ಬೆಳಗಿನ ಜಾವದಲ್ಲಿ ಕೃಷ್ಣೆ, ದೂಧಗಂಗೆಗಳ ದಂಡೆಯಿಂದ ಮಂಜು ಎದ್ದು ಬಂದು, ನೀರುಂಡ ಹೊಲಗಳ ತಂಪಿನೊಡನೆ ಬೆರೆತು, ಅಂಗಳದಲ್ಲಿ ನಿಂತ ವಸ್ತುಗಳ ಮೇಲೆಲ್ಲ ಮುತ್ತುಗಳಂತೆ ಕೂಡುವುದು. ಈ ಮುತ್ತುಗಳ ಬೆಲೆಯೇನೆಂಬುದನ್ನು ನಾವು ಹೋದ ವರ್ಷ ಅರಿತುಕೊಂಡೆವು. ಅದನ್ನು ವಾಚಕರ ಮುಂದಿಡುವುದರಲ್ಲಿ ನಮಗೆ ತುಸು ನಾಚಿಕೆಯುಂಟು. ಆದರೂ ನಮ್ಮಂತೆ ಮೋಟಾರು ಸೈಕಲ್ಲನ್ನು ನೆಚ್ಚಿ ಬಾಳುವ ಮನೆಗಳು ಅನೇಕವಿರುವುದರಿಂದ ಬರೆಯಲು ಧೈರ್ಯಮಾಡಿದ್ದೇವೆ.

ಎಂಟು ವರ್ಷಗಳ ಹಿಂದೆ ಕಬ್ಬಿನ ಹಣವು ಕೈಗೆ ಬಂದಾಗ ಒಂದು ಗಾಡಿಯನ್ನು ಕೊಂಡೆವು. ನಮ್ಮ ತಾಯಿಯವರು ಅದನ್ನು ಫಟಫಟಿಯೆಂದೇ ಕರೆಯುವರು. ಅದರ ಟಾಕಿಯ ಕಪ್ಪು ಬಣ್ಣವು ಕನ್ನಡಿಯಂತಿದ್ದಿತು. ಹ್ಯಾಂಡಲ್ಲೂ ಹೊಗೆಕೊಳವೆಯೂ ಬೆಳ್ಳಿಯನ್ನು ನಾಚಿಸುವಂತಿದ್ದವು. ದಿನವೂ ಮುಂಜಾನೆ ಚಹವನ್ನು ಕುಡಿದಾದ ಮೇಲೆ ಮೆತ್ತನೆಯ ಬಟ್ಟೆಯಿಂದ ಅದನ್ನು ಒರೆಸುವುದು ನಮಗೊಂದು ನೇಮವೇ ಆಗಿದ್ದಿತು. ಬಂದ ಬೀಗರೆಲ್ಲರೂ “ನಿನ್ನೆ ತಂದಂತಿದೆ” ಎಂದು ಹೊಗಳುತ್ತಿದ್ದರು. ಆ ಮಾತಿಗೆ ನಾವು ಎಷ್ಟು ಹಿಗ್ಗುತ್ತಿದ್ದೆವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಆದರೆ ಬಟ್ಟೆಯು ಟಾಕಿಯಿಂದ ಕೆಳಗಿಳಿದುದೇ ಇಲ್ಲ. ನೆಲದ ಮೇಲೆ ಕುಳಿತು, ಬಾಗಿ, ಗಾಡಿಯ ಹೊಟ್ಟೆಯನ್ನು ನೋಡುವ ಬುದ್ಧಿಯು ನಮಗೆ ಎಂಟು ವರ್ಷಗಳಲ್ಲಿ ಒಮ್ಮೆಯೂ ಬರಲಿಲ್ಲ.

ಹೋದ ವರ್ಷ ಮಗಳನ್ನು ಚಿಕ್ಕೋಡಿಯ ಕಾಲೇಜಿಗೆ ಸೇರಿಸಿ ಅಲ್ಲಿಯೇ ವಸತಿಗೆ ಇಡಬೇಕೆಂದು ನಿಶ್ಚಯಿಸಿದೆವು. ಹಣವು ಸಾಲದಾಯಿತು. ತಮ್ಮನ ಗಾಡಿಯೊಂದು ಮನೆಯಲ್ಲಿದ್ದುದರಿಂದ ನಮ್ಮದನ್ನು ಮಾರಿಬಿಡೋಣವೆಂದುಕೊಂಡೆವು. ಮಾರುವ ಮುನ್ನ ಒಮ್ಮೆ ತೋರಿಸೋಣವೆಂದು ಒಬ್ಬ ಮಿಸ್ತ್ರಿಯ ಬಳಿಗೆ ಒಯ್ದೆವು. ಆತನು ಟಾಕಿಯತ್ತ ಕಣ್ಣೆತ್ತಿಯೂ ನೋಡದೆ, ಹಿಂದಿನ ಗಾಲಿಯನ್ನು ಹಿಡಿದಿರುವ ಕವಲಿನ ಬುಡಕ್ಕೆ ತಿರುಪುಳಿಯನ್ನು ಒತ್ತಿದನು. ಅದು ಹುಳು ತಿಂದ ಕಟ್ಟಿಗೆಯೊಳಗೆ ಹೋದಂತೆ ಒಳಗೆ ಹೋಯಿತು. ಕೆಂಪು ಪುಡಿಯು ನಮ್ಮ ಚಪ್ಪಲಿಯ ಮೇಲೆ ಉದುರಿತು.

“ಇದು ಹೇಗೆ? ದಿನವೂ ಒರೆಸುತ್ತೇವಲ್ಲ!” ಎಂದೆವು. ಆತನು ನಕ್ಕು, ಒಂದೊಂದಾಗಿ ವಿವರಿಸಿದನು. ಅನಂತರ ನಾವು ಓದಿ ತಿಳಿದುದನ್ನೂ ಸೇರಿಸಿ ಇಲ್ಲಿ ಹೇಳುತ್ತೇವೆ.

ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿ ತಗಲಿದರೆ ಜಂಗು ಹುಟ್ಟುವುದು. ಉಪ್ಪು ಸೇರಿದರೆ ಅದರ ವೇಗವು ಬಹಳ ಹೆಚ್ಚುವುದು. ಇಂಗ್ಲೆಂಡ್ ಮೊದಲಾದ ಶೀತದೇಶಗಳಲ್ಲಿ ಚಳಿಗಾಲದಲ್ಲಿ ಹಾದಿಯ ಮೇಲಿನ ಹಿಮವು ಗಡ್ಡೆಗಟ್ಟದಿರಲೆಂದು ಉಪ್ಪನ್ನು ಚೆಲ್ಲುವರು. ಆದುದರಿಂದ ಅಲ್ಲಿ ಅನೇಕರು ಆ ತಿಂಗಳುಗಳಲ್ಲಿ ಮೋಟಾರು ಸೈಕಲ್ಲನ್ನು ಹೊರಗೇ ತೆಗೆಯುವುದಿಲ್ಲ. ನಮ್ಮಲ್ಲಿ ಹಿಮವಿಲ್ಲ, ಹಾದಿಗೆ ಉಪ್ಪು ಚೆಲ್ಲುವವರೂ ಇಲ್ಲ. ಆದರೆ ಆ ಉಪ್ಪನ್ನು ನಾವೇ ಗಾಡಿಯ ಬೆನ್ನಿನ ಮೇಲೆ ಹೇರಿಕೊಂಡು ಬರುತ್ತೇವೆ. ಕಬ್ಬಿಗೆ ಹಾಕುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರವು ಪೊಟ್ಯಾಸಿಯಮ್ ಕ್ಲೋರೈಡು, ಎಂದರೆ ಅಡಿಗೆಯ ಉಪ್ಪಿನ ಸೋದರನೇ ಸರಿ. ಹರಕು ಚೀಲದಿಂದ ಅದು ಉದುರಿ ಸಂದುಗಳಲ್ಲಿ ಕೂಡುವುದು. ಅದರ ಮೇಲೆ ಕಬ್ಬಿನ ಹಾಲಿನಿಂದ ಅಂಟಾದ ಕೆಸರು ಮೆತ್ತುವುದು. ರಾತ್ರಿಯ ಇಬ್ಬನಿಯು ಅದನ್ನು ತೋಯಿಸುವುದು. ಇರುಳಿನಲ್ಲಿ ಬಯಲಿನಲ್ಲಿ ನಿಂತ ಲೋಹವು ತನ್ನ ಕಾವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಣ ಗಾಳಿಗಿಂತಲೂ ತಣ್ಣಗಾಗುವುದರಿಂದ ಗಾಳಿಯಲ್ಲಿಯ ಆವಿಯು ಅದರ ಮೇಲೆಯೇ ಹನಿಯಾಗಿ ನಿಲ್ಲುತ್ತದೆ. ನಾವು ಬಹು ಅಕ್ಕರೆಯಿಂದ ಹೊದಿಸುತ್ತಿದ್ದ ಪ್ಲಾಸ್ಟಿಕ್ಕಿನ ಹಾಳೆಯು ಆ ತೇವವನ್ನು ಹೊರಹೋಗಗೊಡದೆ ಒಳಗೇ ಕಾಯ್ದಿರಿಸುತ್ತಿದ್ದಿತು!

ಇನ್ನು ಹೊಗೆಕೊಳವೆಯ ಕಥೆಯು ಇದಕ್ಕಿಂತಲೂ ವಿಚಿತ್ರವಾದುದು. ಒಂದು ಲೀಟರು ಪೆಟ್ರೋಲು ಉರಿದರೆ ಹತ್ತಿರ ಹತ್ತಿರ ಒಂದು ಲೀಟರು ನೀರು ಹುಟ್ಟುತ್ತದೆ. ದೂರ ಓಡಿದರೆ ಕೊಳವೆಯು ಚೆನ್ನಾಗಿ ಕಾದು, ಅದು ಆವಿಯಾಗಿ ಹೊರಗೆ ಹೋಗುವುದು. ನಾವಾದರೋ ಚಳಿಯಲ್ಲಿ ಮನೆಯಿಂದ ಹೊಲಕ್ಕೆ ಒಂದು ಮೈಲಿ ಹೋಗಿ ನಿಲ್ಲಿಸುತ್ತಿದ್ದೆವು. ನೀರು ಒಳಗೇ ಉಳಿಯುತ್ತಿದ್ದಿತು. ಹೊರಗೆ ಬೆಳ್ಳಿಯಂತೆ ಹೊಳೆಯುತ್ತಿದ್ದ ಕೊಳವೆಯು ಒಳಗಿನಿಂದ ತೂತಾಗಿದ್ದಿತು. ಆ ಬೆಳ್ಳಿಯ ಹೊಳಪಾದರೂ ಎಷ್ಟು ದಪ್ಪ? ಕ್ರೋಮಿಯಮ್ಮಿನ ಗಿಲೀಟು ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವು. ಕಬ್ಬಿಣವನ್ನು ನಿಜವಾಗಿ ಕಾಯುವುದು ಅದರ ಕೆಳಗಣ ನಿಕ್ಕಲಿನ ಪದರು. ಅದರಲ್ಲಿ ಕಣ್ಣಿಗೆ ಕಾಣದ ರಂಧ್ರವಿದ್ದರೂ ಸಾಕು, ಜಂಗು ಅಲ್ಲಿಂದ ಇಳಿಯುವುದು. ಜಂಗು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚಿನ ಸ್ಥಳವನ್ನು ಬೇಡುವುದರಿಂದ, ಮೇಲಣ ಬಣ್ಣವನ್ನೂ ಗಿಲೀಟನ್ನೂ ಒಳಗಿನಿಂದ ಎತ್ತಿ ಒಡೆಯುವುದು. ನಮ್ಮ ಕಣ್ಣಿಗೆ ಬೊಕ್ಕೆಯು ಕಾಣಿಸುವಾಗ ಕೆಲಸವು ಬಹಳ ಮುಂದುವರಿದಿರುತ್ತದೆ.

ಇಷ್ಟೆಲ್ಲ ಹೇಳಿದ ಮಿಸ್ತ್ರಿಯು ಕಡೆಗೆ ದನಿಯನ್ನು ತಗ್ಗಿಸಿ, “ನಾಕುನೂರು ರೂಪಾಯಿ ಬಣ್ಣ ಹೊಡೆದರ ಯಾರಿಗೂ ಗೊತ್ತಾಗೂದಿಲ್ಲರಿ,” ಎಂದನು. ವಾಚಕರೇ, ನಾವು ಒಪ್ಪಿದೆವು. ಮಗಳ ಮುಖವು ಕಣ್ಣ ಮುಂದೆ ಬಂದಿತೆಂದು ಹೇಳಿ ತಪ್ಪಿಸಿಕೊಳ್ಳಬಹುದು; ಆದರೆ ಒಪ್ಪಿದೆವೆಂಬುದು ನಿಜ. ತೂತಿಗೆ ಲಪ್ಪವನ್ನು ತುಂಬಿ, ಮೇಲೆ ಕಪ್ಪು ಬಣ್ಣವನ್ನು ಹೊಡೆಯಿಸಿ, ಸಾಯಂಕಾಲ ಗಾಡಿಯನ್ನು ಮನೆಗೆ ತಂದೆವು.

ನಮ್ಮ ತಾಯಿಯವರು ಅಂಗಳದಲ್ಲಿ ಹಿತ್ತಾಳೆಯ ಪಾತ್ರೆಗಳನ್ನು ಬೆಳಗುತ್ತ ಕುಳಿತಿದ್ದರು. ಹೊಸ ಬಣ್ಣದ ವಾಸನೆಯನ್ನು ಹಿಡಿದು, “ಮಾರೂ ಗಾಡಿಗೆ ಬಣ್ಣ ಯಾಕ?” ಎಂದು ಕೇಳಿದರು. ನಾವು ಇದ್ದುದನ್ನು ಇದ್ದಂತೆ ಹೇಳಿಬಿಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೈಯಲ್ಲಿಯ ಪಾತ್ರೆಯನ್ನು ನಮ್ಮ ಕಡೆಗೆ ವಾಲಿಸಿ, “ಹೊರಗ ಎಷ್ಟ ಬೆಳಗಿದರೇನು? ನಾವು ಒಳಗ ಕಲಾಯಿ ಐತೋ ಇಲ್ಲೋ ನೋಡತೇವಿ. ಕಲಾಯಿ ಹೋದ ಪಾತ್ರೆದಾಗ ಹುಳಿ ಮಾಡಿ ಮಂದಿಗೆ ಬಡಸತಾರೇನು?” ಎಂದರು. ಮತ್ತೆ ಪಾತ್ರೆಯನ್ನು ಬೆಳಗತೊಡಗಿದರು. ಕಲಾಯಿ ಸವೆದ ಪಾತ್ರೆಯಲ್ಲಿ ಹುಳಿಯನ್ನಿಟ್ಟರೆ ಕಿಲುಬೇರಿ ಅನ್ನವು ವಿಷವಾಗುವುದೆಂಬುದನ್ನು ನಾವು ಬಾಲ್ಯದಿಂದಲೂ ಬಲ್ಲೆವು. ಅಡಿಗೆಮನೆಯಲ್ಲಿ ಎಲ್ಲರಿಗೂ ತಿಳಿದಿದ್ದ ಮಾತು ಅಂಗಳದ ಗಾಡಿಗೂ ಸಲ್ಲುವುದೆಂದು ನಮಗೆ ತೋರಿರಲಿಲ್ಲ.

ಮರುದಿನ ಕಾಗವಾಡದ ಕಡೆಯ ಹಳ್ಳಿಯಿಂದ ಒಬ್ಬ ತರುಣನು ಬಂದನು. ೨೮,೦೦೦ ರೂಪಾಯಿಗೆ ಮಾತಾಗಿದ್ದಿತು. ಆತನು ಸುತ್ತಲೂ ಒಮ್ಮೆ ತಿರುಗಿ, ಟಾಕಿಯ ಮೇಲೆ ಕೈಯಾಡಿಸಿ, ಸಂತೋಷದಿಂದ ಹಣವನ್ನು ತೆಗೆದನು. ಆಗ ನಮ್ಮ ಕೈ ಮುಂದಾಗಲಿಲ್ಲ. ಆತನನ್ನು ಕೆಳಗೆ ಕುಳ್ಳಿರಿಸಿ, ಬೀಗದ ಕೈಯಿಂದ ಹಸಿಬಣ್ಣವನ್ನು ಕೆರೆದು, ಲಪ್ಪವನ್ನು ತೋರಿಸಿದೆವು. ಆತನು ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಇದರ ಮ್ಯಾಲೆ ಎರಡು ಕ್ಯಾನ್ ಹಾಲು, ಹಿಂದ ಹೆಂಡತಿ, ಕೂಸು,” ಎಂದಷ್ಟೇ ಹೇಳಿದನು. ನಮ್ಮ ಮೈ ತಣ್ಣಗಾಯಿತು. ಆತನು ಗಾಡಿಯನ್ನು ಬಿಟ್ಟುಹೋಗಲಿಲ್ಲ. ಕವಲನ್ನೂ ಹೊಗೆಕೊಳವೆಯನ್ನೂ ಬದಲಿಸುವ ಖರ್ಚನ್ನು ಕಳೆದು ೨೧,೦೦೦ ರೂಪಾಯಿಯನ್ನು ಕೊಟ್ಟು, ಗಾಡಿಯನ್ನು ಟೆಂಪೊದಲ್ಲಿ ಹೇರಿಸಿಕೊಂಡು ಹೋದನು.

ಕಡಿಮೆಯಾದ ೭,೦೦೦ ರೂಪಾಯಿಯು ವಸತಿಯ ಹಣವಾಗಿದ್ದಿತು. ಮಗಳು, “ಬಸ್ಸಿನಲ್ಲಿ ಹೋಗಿ ಬರುವೆನು” ಎಂದಳು. ಈಗಲೂ ಅವಳು ಮುಂಜಾನೆ ಮಂಜಿನಲ್ಲಿ ನಿಂತು ಬಸ್ಸನ್ನು ಕಾಯುವುದನ್ನು ನೋಡುವಾಗ, ಸತ್ಯವನ್ನು ನುಡಿದೆವೆಂಬ ಸಮಾಧಾನಕ್ಕಿಂತಲೂ ಎಂಟು ವರ್ಷ ಬಾಗದೆ ಹೋದೆವೆಂಬ ಪಶ್ಚಾತ್ತಾಪವೇ ನಮ್ಮನ್ನು ಹೆಚ್ಚು ಬಾಧಿಸುವುದು.

ಲೋಹವು ಬಾಳಲಾರದೆಂದಲ್ಲ. ಮೈಸೂರಿನಲ್ಲಿ ೧೯೬೧ರಲ್ಲಿ ಆರಂಭವಾದ ಜಾವಾ ಮೋಟಾರು ಸೈಕಲ್ಲಿನ ಕಾರಖಾನೆಯು ೧೯೯೬ರಲ್ಲಿ ಮುಚ್ಚಿಹೋಯಿತು. ಆದರೆ ಅಲ್ಲಿ ಹುಟ್ಟಿದ ಗಾಡಿಗಳು ನಮ್ಮ ನಾಡಿನಲ್ಲಿ ಇಂದಿಗೂ ಓಡುತ್ತಿವೆ. ಅವನ್ನು ಕಾದುದು ಕಾರಖಾನೆಯ ಗಿಲೀಟೊಂದೇ ಅಲ್ಲ, ಒಡೆಯರ ಕೈ.

ಈಗ ತಮ್ಮನ ಗಾಡಿಯ ಆರೈಕೆಯು ನಮ್ಮ ಪಾಲಿನದಾಗಿದೆ. ಗೊಬ್ಬರವನ್ನು ತಂದ ದಿನವೇ ಬರಿಯ ನೀರಿನಿಂದ ಗಾಡಿಯ ಹೊಟ್ಟೆಯನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಸಂದುಗಳಿಗೂ ಸರಪಳಿಗೂ ಎಣ್ಣೆಯ ಕೈಯಾಡಿಸುತ್ತೇವೆ. ಬ್ರೇಕಿನ ಗಾಲಿ ಪಟ್ಟಿಗಳಿಗೆ ಮಾತ್ರ ಎಣ್ಣೆಯು ಸೋಂಕದಂತೆ ಎಚ್ಚರವಿರಬೇಕು. ನೀರು ಇಳಿಯಲೆಂದು ಕೆಳಗಿಟ್ಟಿರುವ ತೂತುಗಳ ಕೆಸರನ್ನು ಕಡ್ಡಿಯಿಂದ ಬಿಡಿಸುತ್ತೇವೆ. ಇರುಳಿನಲ್ಲಿ ಸೂರಿನ ಕೆಳಗೆ ನಿಲ್ಲಿಸಿ, ಪ್ಲಾಸ್ಟಿಕ್ಕನ್ನು ಬಿಟ್ಟು ಹಳೆಯ ಅರಿವೆಯನ್ನು ಹೊದಿಸುತ್ತೇವೆ. ವಾರಕ್ಕೊಮ್ಮೆಯಾದರೂ ಕೊಳವೆಯು ಕಾಯುವಷ್ಟು ದೂರ ಹೋಗಿ ಬರುತ್ತೇವೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥೆನಾಲು ನೀರನ್ನು ಹೀರುವ ಗುಣವುಳ್ಳದ್ದಾದುದರಿಂದ ಗಾಡಿಯನ್ನು ಅರೆಟಾಕಿಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸುವುದಿಲ್ಲ.

ಇದಕ್ಕೆಲ್ಲ ತಗಲುವುದು ವಾರಕ್ಕೆ ಅರ್ಧ ಗಂಟೆ. ಟಾಕಿಯನ್ನು ಒರೆಸುವುದಕ್ಕೆ ಅಷ್ಟು ಪುರಸತ್ತು ಉಳಿಯುವುದಿಲ್ಲ. ಅದು ಮಸುಕಾಗಿದೆ, ಬೀಗರು ಈಗ ಹೊಗಳುವುದಿಲ್ಲ. ನಮ್ಮ ತಾಯಿಯವರು ಮಾತ್ರ ನಾವು ನೆಲದ ಮೇಲೆ ಕುಳಿತುದನ್ನು ಕಂಡಾಗ, ತಮ್ಮ ಹಳೆಯ ಕುಳಿತುಕೊಳ್ಳುವ ಮಣೆಯನ್ನು ನಮ್ಮ ಕಡೆಗೆ ಸರಿಸುವರು.