ಒಬ್ಬರ ಕೋಣೆ

ದುಬೈಯಲ್ಲಿ ಜುಲೈ, ಆಗಸ್ಟ್ ಎಂದರೆ ಹೋಟೆಲುಗಳಿಗೆ ಗಿರಾಕಿ ಕಡಿಮೆ. ಚಳಿಗಾಲದಲ್ಲಿ ಮುಟ್ಟಲಾಗದ ಬಾಡಿಗೆ ಆಗ ನಮ್ಮಂಥವರ ಕೈಗೂ ನಿಲುಕುವಷ್ಟು ಇಳಿಯುತ್ತದೆ. ಹೊರಗೆ ಕಾಲಿಡಲಾಗದ ಬಿಸಿಲು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಯಲಿನಲ್ಲಿ ಕೂಲಿಕಾರರಿಂದ ಕೆಲಸ ಮಾಡಿಸಬಾರದೆಂದು ಅಲ್ಲಿನ ಸರಕಾರವೇ ನಿಯಮ ಮಾಡಿದೆ. ಅಂಥ ಬಿಸಿಲಿನಲ್ಲಿ, 2024ರ ಜುಲೈಯಲ್ಲಿ, ಜಬಲ್ ಅಲಿಯ ಆಚೆ ಅಬುಧಾಬಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿರುವ ಮೋಜಿನ ಪಾರ್ಕುಗಳ ಹೋಟೆಲೊಂದರಲ್ಲಿ ನಾವು ಐದು ರಾತ್ರಿ ಕಳೆದೆವು.

ನಾವು ಎಂದರೆ ನಾವೊಬ್ಬರೇ. ಉರ್ದು ಶಾಲೆಯಲ್ಲಿ 'ಮೈಂ' ಎಂದರೆ ಉಸ್ತಾನಿಯವರು 'ಹಮ್ ಕಹೋ' ಎಂದು ತಿದ್ದುತ್ತಿದ್ದರು. ಆ ಅಭ್ಯಾಸ ಕನ್ನಡಕ್ಕೂ ಬಂದು ಅಂಟಿಕೊಂಡಿತು. ಹೋಟೆಲಿನ ಕೌಂಟರಿನಲ್ಲಿ 'ಹಮ್ ಆಗಯೇ' ಎಂದಾಗ ಅಲ್ಲಿದ್ದ ಕೇರಳದ ಹುಡುಗ ನಮ್ಮ ಬೆನ್ನ ಹಿಂದೆ ನೋಡಿ, 'ಬಾಕಿ ಲೋಗ್ ಕಿಧರ್?' ಎಂದ. ಬಾಕಿ ಯಾರೂ ಇಲ್ಲವೆಂದು ಅವನಿಗೆ ನಂಬಿಸಲು ಎರಡು ನಿಮಿಷ ಹಿಡಿಯಿತು. ತಪ್ಪು ಅವನದಲ್ಲ. ಆ ಹೋಟೆಲಿಗೆ ಒಬ್ಬರೇ ಬರುವವರು ಯಾರು? ದುಬೈ ಪಾರ್ಕ್ಸ್ ಅಂಡ್ ರೆಸಾರ್ಟ್ಸ್ ಎಂಬ ಆ ಜಾಗ 2016ರಲ್ಲಿ ತೆರೆದದ್ದೇ ಮಕ್ಕಳೊಂದಿಗರಿಗಾಗಿ. ಒಂದು ಕಡೆ ಬಣ್ಣದ ಲೆಗೊ ಇಟ್ಟಿಗೆಗಳ ಲೋಕ, ಇನ್ನೊಂದು ಕಡೆ ಹಾಲಿವುಡ್ ಸಿನಿಮಾಗಳ ಹೆಸರಿನ ಉಯ್ಯಾಲೆ, ರೈಲುಗಳು. ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ಪ್ರತಿ ಮೇಜಿಗೂ ಒಂದು ಎತ್ತರದ ಮಗುಕುರ್ಚಿ. ನಮ್ಮ ಮೇಜಿನದನ್ನು ಐದು ದಿನವೂ ಯಾರಾದರೂ ಬಂದು ಕೇಳಿ ಒಯ್ದರು.

ನಮ್ಮ ತಮ್ಮ ಜಬಲ್ ಅಲಿಯಲ್ಲಿ ಎ.ಸಿ. ರಿಪೇರಿಯ ಕೆಲಸದಲ್ಲಿದ್ದಾನೆ. ಎರಡೂವರೆ ವರ್ಷದಿಂದ ಊರಿಗೆ ಬಂದಿರಲಿಲ್ಲ. ಅಮ್ಮಿಯ ಕಣ್ಣಿಗೆ ಪೊರೆ ಬಂದು ಅವರಿಗೆ ವಿಮಾನ ಹತ್ತುವ ಧೈರ್ಯ ಇರಲಿಲ್ಲ. 'ನೀನಾದರೂ ಹೋಗಿ ಅವನ ಮುಖ ನೋಡಿಕೊಂಡು ಬಾ' ಎಂದು ನಮ್ಮನ್ನು ಕಳಿಸಿದರು. ತಮ್ಮ ಇರುವುದು ಕಂಪನಿಯ ಕ್ಯಾಂಪಿನಲ್ಲಿ, ಗಂಡಸರ ಕೋಣೆಯಲ್ಲಿ. ಅಕ್ಕನಾದರೂ ಅಲ್ಲಿಗೆ ಹೋಗುವ ಹಾಗಿಲ್ಲ. ಶಾರ್ಜಾದಲ್ಲಿ ದೂರದ ನಂಟರಿದ್ದರು, ಆದರೆ ಡ್ಯೂಟಿ ಮುಗಿಸಿ ಅವನು ಅಲ್ಲಿಯವರೆಗೆ ಬಂದು ಹೋಗುವಷ್ಟರಲ್ಲಿ ಮಾರನೆಯ ಡ್ಯೂಟಿಯ ಹೊತ್ತಾಗುತ್ತದೆ. ಅವನ ಕ್ಯಾಂಪಿಗೆ ಹತ್ತಿರ, ಬೇಸಿಗೆಯಲ್ಲಿ ಅಗ್ಗ ಎಂದು ಹುಡುಕಿದರೆ ಸಿಕ್ಕಿದ್ದು ಈ ಮೋಜಿನ ಹೋಟೆಲು. ಅದರಲ್ಲೂ ಅತಿ ಚಿಕ್ಕ ಕೋಣೆ.

ಚಿಕ್ಕದು ಎಂದರೆ ಎಷ್ಟು? ಬಾಗಿಲಿನಿಂದ ಕಿಟಕಿಗೆ ನಮ್ಮ ಹೆಜ್ಜೆಯಲ್ಲಿ ಒಂಬತ್ತು. ಮಂಚದ ಎರಡೂ ಬದಿಗೆ ಒಬ್ಬರು ಓರೆಯಾಗಿ ನಡೆಯುವಷ್ಟು ಸಂದು. ಗೋಡೆಗೆ ಮಡಚಿಡುವ ಒಂದು ಹಲಗೆ, ಅದೇ ಮೇಜು. ಸೂಟ್‌ಕೇಸ್ ತೆರೆದರೆ ಬಾತ್‌ರೂಮಿನ ಬಾಗಿಲು ತೆರೆಯದು. ಡ್ರಾಯರಿನ ಒಳಗೆ ಕಿಬ್ಲಾದ ಬಾಣದ ಗುರುತು ಅಂಟಿಸಿದ್ದರು. ನಮ್ಮೂರು ಭದ್ರಾವತಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ತುಸು ಬಲಕ್ಕೆ ತಿರುಗಿದರೆ ಕಿಬ್ಲಾ, ಅಲ್ಲಿ ತುಸು ಎಡಕ್ಕೆ. ಆ ದಿಕ್ಕಿಗೆ ಮುಸಲ್ಲಾ ಹಾಸಲು ಜಾಗ ಒಂದೇ ಕಡೆ, ಮಂಚದ ಕಾಲ ಬಳಿ. ಸಜ್ದಾಕ್ಕೆ ಬಾಗಿದರೆ ತಲೆ ಕಪಾಟಿಗೆ ಒಂದು ಗೇಣು ದೂರ.

ಮೊದಲ ರಾತ್ರಿ ನಿದ್ದೆ ಹತ್ತಲಿಲ್ಲ. ಕಿಟಕಿಯಾಚೆ ರೋಲರ್ ಕೋಸ್ಟರಿನ ದೀಪಗಳು, ಆಗಾಗ ಮಕ್ಕಳ ಚೀರಾಟ. ನಿದ್ದೆ ಕೆಡಿಸಿದ್ದು ಅದಲ್ಲ. ಆ ಸದ್ದು ನಿಂತ ಮೇಲೆ ಕೋಣೆಯಲ್ಲಿ ಇನ್ನೊಬ್ಬರ ಉಸಿರು ಕೇಳಲಿಲ್ಲ, ಅದೇ ಕೆಡಿಸಿತು. ಲೆಕ್ಕ ಹಾಕಿದೆವು: ನಲವತ್ತೇಳು ವರ್ಷದಲ್ಲಿ ಒಂದು ಕೋಣೆಯಲ್ಲಿ ನಾವೊಬ್ಬರೇ ಮಲಗಿದ್ದು ಅದೇ ಮೊದಲು. ಹುಟ್ಟಿದ ಹೆಂಚಿನ ಮನೆಯಲ್ಲಿ ಒಂಬತ್ತು ಜನಕ್ಕೆ ಒಂದು ಕೋಣೆ, ಒಂದು ಪಡಸಾಲೆ. ಗೋಡೆಯಿಂದ ಶುರುವಾಗಿ ದಾದಿ, ಅಮ್ಮಿ, ತೊಟ್ಟಿಲು, ಹೆಣ್ಣುಮಕ್ಕಳು, ಹೀಗೆ ಹಾಸಿಗೆಗಳ ಸಾಲು. ರಾತ್ರಿ ಎದ್ದವರು ಕಾಲುಗಳನ್ನು ದಾಟುತ್ತಲೇ ಹೋಗಬೇಕು. ಆಮೇಲೆ ಮದುವೆ, ಬಾಣಂತನ, ಆಸ್ಪತ್ರೆಯ ವಾರ್ಡು, ಎಲ್ಲೆಲ್ಲೂ ಪಕ್ಕದಲ್ಲಿ ಯಾರೋ ಒಬ್ಬರು. ಹೆಣ್ಣುಮಕ್ಕಳ ಸಾಹಿತ್ಯದ ಸೆಮಿನಾರುಗಳಲ್ಲಿ ವರ್ಜೀನಿಯಾ ವುಲ್ಫ್ 1929ರಲ್ಲಿ ಹೇಳಿದ ತನ್ನದೇ ಕೋಣೆಯ ಮಾತು ಬಾರದೆ ಮಧ್ಯಾಹ್ನದ ಊಟಕ್ಕೆ ಬಿಡುವುದಿಲ್ಲ. ನಾವೂ ಚಪ್ಪಾಳೆ ತಟ್ಟಿದ್ದೇವೆ, ಮನೆಗೆ ಬಂದು ಅಡುಗೆಮನೆಯ ಹಿಟ್ಟಿನ ಡಬ್ಬದ ಮೇಲೆ ಹಾಳೆಯಿಟ್ಟು ಬರೆದಿದ್ದೇವೆ.

ಅಮ್ಮಿಗೂ ಒಂದು ಕೋಣೆಯ ಆಸೆ ಇತ್ತು, ಬೇರೆ ಕಾರಣಕ್ಕೆ. ರಮಝಾನಿನ ಕೊನೆಯ ಹತ್ತು ದಿನ ಇಅ್‌ತಿಕಾಫ್ ಕೂರಬೇಕೆಂದು. ಗಂಡಸರು ಮಸೀದಿಯ ಮೂಲೆಯಲ್ಲಿ ಪರದೆ ಕಟ್ಟಿಕೊಂಡು ಕೂರುತ್ತಾರೆ. ನಮ್ಮ ಹನಫಿ ಪದ್ಧತಿಯಲ್ಲಿ ಹೆಂಗಸರಿಗೆ ಮನೆಯಲ್ಲೇ ನಮಾಝಿಗೆಂದು ಇಟ್ಟುಕೊಂಡ ಜಾಗ ಸಾಕು. ಆ ಜಾಗ ನಮ್ಮಲ್ಲಿ ಎಲ್ಲಿತ್ತು? ಅಮ್ಮಿ ನಮಾಝ್ ಮಾಡುತ್ತಿದ್ದದ್ದು ಎಲ್ಲರ ಹಾಸಿಗೆ ಸುತ್ತಿಟ್ಟ ಮೇಲೆ ಉಳಿಯುವ ನೆಲದ ಮೇಲೆ.

ಎರಡನೆಯ ರಾತ್ರಿ ಸಜ್ದಾದಿಂದ ತಲೆ ಎತ್ತುವಾಗ ಹಜ್ರತ್ ಆಯಿಶಾರ ಹುಜ್ರಾ ನೆನಪಾಯಿತು. ಪ್ರವಾದಿಯವರು (ಸ) ರಾತ್ರಿ ನಮಾಝಿಗೆ ನಿಂತಾಗ ಆಯಿಶಾ ಮುಂದೆ ಮಲಗಿರುತ್ತಿದ್ದರು. ಸಜ್ದಾದ ಹೊತ್ತಿಗೆ ಅವರು ಮೆಲ್ಲನೆ ಮುಟ್ಟಿದರೆ ಇವರು ಕಾಲು ಮಡಚಿ ಜಾಗ ಬಿಡುತ್ತಿದ್ದರು. ಮನೆಯಲ್ಲಿ ಆಗ ದೀಪವೂ ಇರುತ್ತಿರಲಿಲ್ಲ. ಮದರಸಾದಲ್ಲಿ ಈ ಹದೀಸನ್ನು ನಮಾಝಿನ ನಿಯಮದ ಪಾಠದಲ್ಲಿ ಓದಿದ್ದೆವು. ಆ ಕೋಣೆಯ ಅಳತೆ ಕಣ್ಣಿಗೆ ಬಂದದ್ದು ಮಾತ್ರ ಅಲ್ಲಿ, ಕಪಾಟಿಗೆ ಹಣೆ ತಗಲುವ ಭಯದಲ್ಲಿ.

ಹಗಲು ಟ್ಯಾಕ್ಸಿಯಲ್ಲಿ ಇಬ್ನ್ ಬತೂತ ಮಾಲಿಗೆ ಹೋಗಿ ಬಂದೆವು. ಅವನು ಸುತ್ತಿದ ದೇಶಗಳ ಹೆಸರಿನಲ್ಲಿ ಅಂಗಳಗಳು: ಆಂದಲೂಸಿಯಾ, ಈಜಿಪ್ಟ್, ಪರ್ಷಿಯಾ, ಭಾರತ, ಚೀನಾ. ಹದಿನಾಲ್ಕನೆಯ ಶತಮಾನದಲ್ಲಿ ಅವನು ನಮ್ಮ ಹೊನ್ನಾವರಕ್ಕೂ ಬಂದು, ಅಲ್ಲಿ ಹುಡುಗಿಯರಿಗೆ ಹದಿಮೂರು ಶಾಲೆಗಳಿದ್ದವು, ಹೆಂಗಸರೆಲ್ಲ ಕುರ್‌ಆನನ್ನು ಬಾಯಿಪಾಠ ಬಲ್ಲವರು ಎಂದು ಬರೆದಿಟ್ಟ. ಹೆಣ್ಣೊಬ್ಬಳು ಒಂಟಿಯಾಗಿ ಹೊರಟರೆ 'ಯಾರ ಜೊತೆ?' ಎಂದು ಮೂರು ಬೀದಿ ಕೇಳುವ ನಮ್ಮವರಿಗೆ ಆ ಪುಟವನ್ನು ಒಮ್ಮೆ ಓದಿಸಬೇಕು.

ಭಾನುವಾರ ತಮ್ಮ ಬಂದ. ಕೌಂಟರಿನಲ್ಲಿ ಗುರುತಿನ ಚೀಟಿ ತೋರಿಸಿ ಮೇಲೆ ಬಂದವನು ಬಾಗಿಲಲ್ಲೇ ನಿಂತ. ಇಷ್ಟು ಚಿಕ್ಕ ಕೋಣೆ ಮಾಡಿಸಿಕೊಟ್ಟೆನಲ್ಲ ಎಂದು ನೊಂದುಕೊಳ್ಳುತ್ತಾನೇನೋ ಎಂದುಕೊಂಡೆವು. ಅವನು, 'ಆಪಾ, ಇದು ನಿಮ್ಮೊಬ್ಬರಿಗೇನಾ?' ಎಂದ.

ಅವನ ಕೋಣೆಯಲ್ಲಿ ಎಂಟು ಜನ. ನಾಲ್ಕು ಬಂಕುಗಳು, ಅವನದು ಮೇಲಿನದು. ಕೂಲಿಕಾರರ ವಸತಿಯಲ್ಲಿ ಒಬ್ಬರಿಗೆ ಕನಿಷ್ಠ 3 ಚದರ ಮೀಟರ್ ಜಾಗ ಕೊಡಬೇಕೆಂದು ಅಲ್ಲಿ 2009ರ ಸಚಿವ ಸಂಪುಟದ ನಿರ್ಣಯವಿದೆ. ಮಂಚ ಹಾಕಿದ ಮೇಲೆ ಚಪ್ಪಲಿ ಬಿಡಲು ಉಳಿಯುವ ಅಳತೆ ಅದು. ಬಂಕಿಗೆ ಸುತ್ತ ಬೆಡ್‌ಶೀಟ್ ಕಟ್ಟಿಕೊಂಡಿದ್ದಾನಂತೆ. ಅದರೊಳಗೆ ಮೊಬೈಲ್, ಅಮ್ಮಿಯ ಫೋಟೊ, ಒಂದು ಸಣ್ಣ ಫ್ಯಾನು. 'ಮಲಗಿದವನ ಪರದೆ ಸರಿಸಬಾರದು, ಅದೊಂದು ಕಾಯಿದೆ ನಮ್ಮಲ್ಲಿ' ಎಂದ. ಪರದೆಯ ವಿಷಯಕ್ಕೆ ನಮ್ಮ ಹೆಂಗಸರ ಮೇಲೆ ಎಷ್ಟೊಂದು ಪುಸ್ತಕ ಬಂದಿವೆ. ನಮ್ಮ ಗಂಡಸರು ಹೀಗೆ ಸಾವಿರಗಟ್ಟಲೆ ಪರದೆಯೊಳಗೆ ಮಲಗಿರುವುದನ್ನು ಬರೆದವರು ಕಡಿಮೆ.

ಕಿಟಕಿಯಿಂದ ಪಾರ್ಕು ತೋರಿಸಿದೆವು. ಬಾಲಿವುಡ್ ಪಾರ್ಕ್ ತೆರೆದಾಗ ರೂಮಿನವರೆಲ್ಲ ಒಂದು ರಜಾ ದಿನ ಹೋಗಬೇಕೆಂದು ಮಾತಾಡಿಕೊಂಡಿದ್ದರಂತೆ. ಈ ತಿಂಗಳು, ಮುಂದಿನ ತಿಂಗಳು ಎನ್ನುವಷ್ಟರಲ್ಲಿ 2023ರಲ್ಲಿ ಅದು ಮುಚ್ಚಿಯೇ ಹೋಯಿತು. ಟಿಕೆಟ್ ನಾವು ತೆಗೆಯುತ್ತೇವೆ, ಇನ್ನೊಂದಕ್ಕೆ ಹೋಗೋಣ ಎಂದೆವು. 'ಬೇಡ ಆಪಾ. ಒಂದು ಗಂಟೆ ಇಲ್ಲೇ ಮಲಗಲಾ?' ಎಂದ. ಮಲಗಿದ. ನಾವು ಕೆಳಗಿನ ಲಾಬಿಯಲ್ಲಿ ಹೋಗಿ ಕೂತೆವು, ಅವನಿಗೂ ಒಮ್ಮೆ ಕೋಣೆ ಪೂರ್ತಿ ಸಿಗಲಿ ಎಂದು. ಒಂದು ಗಂಟೆಯಲ್ಲ, ನಾಲ್ಕು ಗಂಟೆ ಮಲಗಿದ. ಅಸರ್ ಮೀರುತ್ತದೆಂದು ನಾವೇ ಹೋಗಿ ಎಬ್ಬಿಸಿದೆವು.

ಅವನು ಕಳಿಸಿದ ಹಣದಲ್ಲಿ ಊರಿನಲ್ಲಿ ಆರು ಕೋಣೆಯ ಮನೆ ಎದ್ದಿದೆ. ಹೆಂಚಿನ ಮನೆ ಈಗಿಲ್ಲ. ಕೆಳಗೆ ಅಣ್ಣನ ಸಂಸಾರ, ಅಮ್ಮಿ, ನಾವು, ನಮ್ಮ ಮಗಳು. ಮೇಲೆ ಅವನದೆಂದು ಎರಡು ಕೋಣೆ, ಅವನು ಮದುವೆಯಾದಾಗ ಬೇಕೆಂದು ಅಮ್ಮಿ ಬೀಗ ಹಾಕಿಟ್ಟಿದ್ದರು. ಹೊಸ ಮಂಚದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಮನೆ ಕಟ್ಟಿದ ಮೇಲೆ ಅವನು ಅದರಲ್ಲಿ ಮಲಗಿದ್ದು ಒಂದು ರಜೆಯಲ್ಲಿ, ನಲವತ್ತು ದಿನ.

ನಾಲ್ಕನೆಯ ರಾತ್ರಿ ಮಡಚುವ ಹಲಗೆಯ ಮೇಲೆ ಹನ್ನೊಂದು ಪುಟ ಬರೆದಿದ್ದೆವು. ಅದಕ್ಕೆ ಹಿಂದಿನ ರಾತ್ರಿ ಒಂದು ಸಾಲೂ ಬಂದಿರಲಿಲ್ಲ. ಗದ್ದಲದ ನಡುವೆ ಕದ್ದು ಬರೆದು ರೂಢಿಯಾದ ಕೈ ನಿಶ್ಶಬ್ದಕ್ಕೆ ಹೆದರಿ ಕೂತಿತ್ತು. ಈ ಹನ್ನೊಂದು ಪುಟದ ಧೈರ್ಯದಲ್ಲಿ, ಹೊರಡುವ ಸಂಜೆ ಬೀಳ್ಕೊಡಲು ಬಂದ ತಮ್ಮನನ್ನು ಕೇಳಿದೆವು: ಮೇಲಿನ ಎರಡರಲ್ಲಿ ಚಿಕ್ಕದನ್ನು ನೀನು ಬರುವ ತನಕ ನಮಗೆ ಕೊಡುತ್ತೀಯಾ?

ಅವನು ಅಲ್ಲಿಂದಲೇ ಅಮ್ಮಿಗೆ ಫೋನ್ ಮಾಡಿದ. ಅಮ್ಮಿ ಗಾಬರಿಯಾದರು. 'ಯಾಕೆ, ಭಾಭಿ ಏನಾದರೂ ಅಂದಳಾ? ಒಬ್ಬಳೇ ಮಲಗೋದು ಅಂದರೇನು?' ಬರೆಯಲಿಕ್ಕೆ ಎಂದು ಹೇಳಿದರೆ, 'ಬರೆಯೋಕೆ ಕೆಳಗೆ ಲೈಟಿಲ್ವಾ?' ಎಂದರು. ತಮ್ಮ ಬಹಳ ಹೊತ್ತು ಮಾತಾಡಿದ. ಏನು ಹೇಳಿ ಒಪ್ಪಿಸಿದನೋ, ನಮ್ಮಿಂದ ದೂರ ಸರಿದು ಮಾತಾಡಿದ್ದ.

ಬೀಗದ ಕೈ ಈಗ ನಮ್ಮ ಬಳಿ ಇದೆ. ಮೊದಲ ತಿಂಗಳು ಅಮ್ಮಿ ದಿನಕ್ಕೆ ನಾಲ್ಕು ಸಲ ಮೆಟ್ಟಿಲು ಹತ್ತಿ ಬಂದು, ನಾವು ಅಳುತ್ತಿದ್ದೇವೆಯೇ ಎಂದು ನೋಡಿ ಹೋಗುತ್ತಿದ್ದರು. ಆಮೇಲೆ ತಸ್ಬೀಹ್ ಹಿಡಿದುಕೊಂಡು ಬಂದು ಕಿಟಕಿಯ ಬಳಿ ಕೂರತೊಡಗಿದರು. 'ನೀನು ಬರಿ, ನಾನು ಮಾತಾಡೋದಿಲ್ಲ' ಎನ್ನುವರು, ಮಾತಾಡುವರು. 2025ರ ರಮಝಾನಿನಲ್ಲಿ ಇಪ್ಪತ್ತನೆಯ ರೋಝಾದ ಸಂಜೆ, ಮಗ್ರಿಬ್‌ಗೆ ಮುಂಚೆ, ತಮ್ಮ ಮುಸಲ್ಲಾ, ಕುರ್‌ಆನ್, ಕಣ್ಣಿನ ಔಷಧಿ ತೆಗೆದುಕೊಂಡು ಅಮ್ಮಿ ಆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಈದಿನ ಚಂದ್ರ ಕಾಣುವವರೆಗೆ ಊಟ, ನೀರು ಎಲ್ಲ ನಾವೇ ಮೇಲೆ ಒಯ್ದು ಕೊಟ್ಟೆವು. ಆ ದಿನಗಳಲ್ಲಿ ನಮ್ಮ ಬರವಣಿಗೆ ಮತ್ತೆ ಹಿಟ್ಟಿನ ಡಬ್ಬದ ಮೇಲೆ.