ಒಂದು ಚಿತ್ರಸುರುಳಿಯ ವೃತ್ತಾಂತ

ಪ್ರಾಚೀನ ಕಾವ್ಯಗಳ ಓಲೆಗರಿಗಳು ಗೆದ್ದಲಿಗೆ ಆಹಾರವಾದುದಕ್ಕೆ ಇಂದಿಗೂ ಮರುಗುವ ನಾಡು, ತನ್ನ ಕಣ್ಣೆದುರಿಗೇ ಹುಟ್ಟಿ ಬೆಳೆದ ಚಲನಚಿತ್ರಗಳ ಮೂಲಪ್ರತಿಗಳು ನಶಿಸುತ್ತಿರುವುದನ್ನು ಕುರಿತು ಅಷ್ಟಾಗಿ ಚಿಂತಿಸಿದಂತೆ ತೋರುವುದಿಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡುದು 1934ರ ಮಾರ್ಚ್ 3ರಂದು. ಇಂದು ಅದರ ಒಂದು ಪ್ರತಿಯೂ ದೊರೆಯದು. ಪಂಪನ ಕಾವ್ಯ ಸಾವಿರ ವರ್ಷಗಳನ್ನು ದಾಟಿ ಬಂದಿತು. ಈ ಚಿತ್ರಕ್ಕೆ ನೂರು ವರ್ಷಗಳ ಆಯುಷ್ಯವೂ ಲಭಿಸಲಿಲ್ಲ. ಇಂತಹ ನಾಡಿನಲ್ಲಿ, ಉತ್ತರ ಕರ್ನಾಟಕದ ಒಂದು ಊರಿನ ಚಿತ್ರಾಭಿಮಾನಿಗಳು ಕೈಗೊಂಡು ನಡುವೆಯೇ ಕೈಬಿಟ್ಟ ಕಾರ್ಯವೊಂದರ ವೃತ್ತಾಂತವು ಸುಜ್ಞ ವಾಚಕರ ಅವಗಾಹನೆಗೆ ಯೋಗ್ಯವಾದುದು.

ಆ ಊರಿನ ಟಾಕೀಸು ಮುಚ್ಚಿ ಬಹಳ ವರ್ಷಗಳಾಗಿದ್ದವು. ಅಲ್ಲಿ ಯಂತ್ರ ನಡೆಸುತ್ತಿದ್ದ ವೃದ್ಧರ ಮನೆಯ ಅಟ್ಟದ ಮೇಲೆ, ಎಂಟು ತಗಡಿನ ಡಬ್ಬಿಗಳಲ್ಲಿ, 1959ರ ‘ಜಗಜ್ಯೋತಿ ಬಸವೇಶ್ವರ’ ಚಿತ್ರದ ಪ್ರತಿಯೊಂದಿತ್ತು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದ ಈ ಚಿತ್ರವನ್ನು ಬಂಡಿ ಕಟ್ಟಿಕೊಂಡು ಬಂದು ನೋಡಿದವರು ಊರಿನಲ್ಲಿ ಇನ್ನೂ ಕೆಲವರಿದ್ದರು. ಸುದ್ದಿ ಹರಡಿದೊಡನೆ ಒಬ್ಬ ಬಟ್ಟೆ ವ್ಯಾಪಾರಿಗಳ ಮುಂದಾಳುತನದಲ್ಲಿ ಹತ್ತು ಹನ್ನೆರಡು ಮಂದಿ ಕಲೆತರು. ರಸೀದಿ ಪುಸ್ತಕ ಅಚ್ಚಾಯಿತು, ವಂತಿಗೆ ಕೂಡಿತು. ಪ್ರತಿಯನ್ನು ಶುಚಿಗೊಳಿಸುವುದು, ಜಾತ್ರೆಯ ಮರುದಿನ ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿ ತೋರಿಸುವುದು, ಅನಂತರ ಸುರಕ್ಷಿತ ಸ್ಥಳಕ್ಕೆ ಒಪ್ಪಿಸುವುದು ಎಂದು ನಿರ್ಣಯವಾಯಿತು.

ಡಬ್ಬಿಗಳನ್ನು ತೆರೆದಾಗ ಮೂರರಿಂದ ಹುಳಿತ ವಾಸನೆ ಮೂಗಿಗೆ ಬಡಿಯಿತು. ಅಸಿಟೇಟ್ ಎಂಬ ವಸ್ತುವಿನಿಂದಾದ ಫಿಲ್ಮು ಸೆಕೆ ಮತ್ತು ತೇವಗಳಿಂದ ಒಳಗೊಳಗೇ ಕೆಟ್ಟು ವಿನೆಗರಿನ ಆಮ್ಲವನ್ನು ಹೊರಸೂಸುತ್ತದೆ. ಆ ಆಮ್ಲವೇ ಮತ್ತೆ ಫಿಲ್ಮನ್ನು ಕೆಡಿಸುತ್ತದೆ. ನೆರೆಯ ಸುರುಳಿಗೂ ರೋಗ ಅಂಟುತ್ತದೆ. ಫಿಲ್ಮು ಕುಗ್ಗಿದರೆ ಅಂಚಿನ ರಂಧ್ರಗಳು ಯಂತ್ರದ ಹಲ್ಲುಗಳಿಗೆ ಹೊಂದುವುದಿಲ್ಲ. ಬಲವಂತದಿಂದ ಓಡಿಸಿದರೆ ಹರಿದೇಹೋಗುತ್ತದೆ. ಬಲ್ಲವರನ್ನು ಕರೆಸಿ ತೋರಿಸಲಾಗಿ, ಮೂರು ಸುರುಳಿಗಳು ಯಂತ್ರವೇರಲು ಅಯೋಗ್ಯವೆಂದೂ ಐದು ಚೆನ್ನಾಗಿವೆಯೆಂದೂ ತಿಳಿಯಿತು.

ಮುಂದಿನ ಸಭೆಯಲ್ಲಿ ಉತ್ಸಾಹವೆಲ್ಲ ಇಳಿದುಹೋಗಿತ್ತು. ಚಿತ್ರದ ಹಕ್ಕುದಾರರ ಅನುಮತಿ ಪಡೆಯುವವರಾರು ಎಂದು ಒಬ್ಬರು ಕೇಳಿದರು. ಇದೇ ಚಿತ್ರ ಮೊಬೈಲಿನಲ್ಲಿ ಸಿಗುವುದಲ್ಲ ಎಂದು ಕಿರಿಯರೊಬ್ಬರು ವಾದಿಸಿದರು. ವೃದ್ಧರು ಎದ್ದು ನಿಂತು,

“ಸಾವಕಾರ್ರ, ಐದು ಡಬ್ಬಿ ಚಲೋ ಅದಾವ್ರಿ” ಎಂದರು.

“ಖರೆ ಅಜ್ಜಾರ. ಆದ್ರ ಮಂದಿಗೆ ತೋರಿಸಾಕ ಬರದಿದ್ರ ಏನು ಮಾಡೂದ್ರಿ?”

ಕಾರ್ಯ ರದ್ದಾಯಿತು. ವಂತಿಗೆಯನ್ನು ರಸೀದಿಗೆ ಸರಿಯಾಗಿ ಪೈಸೆ ಬಿಡದೆ ಹಿಂದಿರುಗಿಸಲಾಯಿತು. ಅವರ ಪ್ರಾಮಾಣಿಕತೆಯಲ್ಲಿ ಎಳ್ಳಷ್ಟೂ ಕುಂದಿಲ್ಲ. ಆದರೆ ಸಾವಕಾರರ ಆ ಒಂದು ಮಾತಿನಲ್ಲಿಯೇ ಕಾರ್ಯ ಕೆಟ್ಟ ಬಗೆ ಸ್ಪಷ್ಟವಾಗುತ್ತದೆ. ಅವರು ಬಯಸಿದುದು ಪ್ರದರ್ಶನವನ್ನು. ರಕ್ಷಣೆಯೆಂಬುದು ಅದರ ಬಾಲವಾಗಿ ಬಂದ ಮಾತು. ಓಲೆಗರಿಗಳನ್ನು ಅರಸಿದ ವಿದ್ವಾಂಸರು ನಾಲ್ಕು ಗರಿ ಮುರಿದಿದೆಯೆಂದು ಇಡೀ ಕಟ್ಟನ್ನು ಅಟ್ಟಕ್ಕೆಸೆಯಲಿಲ್ಲ. ‘ಇಲ್ಲಿ ಗ್ರಂಥಪಾತವಿದೆ’ ಎಂದು ಗುರುತು ಹಾಕಿ, ಉಳಿದುದನ್ನು ಅಚ್ಚು ಹಾಕಿಸಿದರು. ತ್ರುಟಿತ ಕಾವ್ಯವೂ ಕಾವ್ಯವೇ. ಮೊಬೈಲಿನ ಚಿತ್ರವಾದರೋ ಪ್ರತಿಯ ಪ್ರತಿ. ಲಿಪಿಕಾರನಿಂದ ಲಿಪಿಕಾರನಿಗೆ ಬಂದ ಪಾಠದಂತೆ. ಎಲ್ಲಿ ಕತ್ತರಿಯಾಡಿದೆ, ಯಾವ ಹಾಡು ಮೊಟಕಾಗಿದೆ ಎಂಬುದನ್ನು ನಿರ್ಣಯಿಸಲು ಹಳೆಯ ಪ್ರತಿಯೊಂದು ಎದುರಿಗಿರಬೇಕು. ಪಾಠಾಂತರಗಳೊಡನೆ ಹೆಣಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಪುಣೆಯಲ್ಲಿ 1964ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದ ಪಿ.ಕೆ. ನಾಯರ್ ಅವರೂ ಮೂಲತಃ ಚಿತ್ರಾಭಿಮಾನಿಗಳೇ. 1931ರ ‘ಆಲಂ ಆರಾ’ದ ಪ್ರತಿಗಾಗಿ ಅರಸಿ ಅವರು ನಿರಾಶರಾದರು. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುವುದರಿಂದ, ಅದಕ್ಕಾಗಿಯೇ ಎಷ್ಟೋ ಹಳೆಯ ಚಿತ್ರಗಳು ಕರಗಿಹೋದ ದೇಶವಿದು. ಆದರೂ ಅವರು ಅರಸುವುದನ್ನು ಬಿಡಲಿಲ್ಲ. ದಾದಾಸಾಹೇಬ ಫಾಲ್ಕೆಯವರ ಚಿತ್ರಗಳಲ್ಲಿ ಅಳಿದುಳಿದ ಭಾಗಗಳನ್ನೇ ಕೂಡಿಹಾಕಿ ಕಾಪಾಡಿದರು. ಐದು ಡಬ್ಬಿಗಳು ಅವರಿಗೆ ದೊರೆತಿದ್ದರೆ ಬೇಡವೆನ್ನುತ್ತಿದ್ದರೇ?

ಸಭೆ ಮುಗಿದ ಮರುದಿನ ವೃದ್ಧರು ಹುಳಿತ ಮೂರು ಡಬ್ಬಿಗಳನ್ನು ಬೇರ್ಪಡಿಸಿ ಅಟ್ಟದಲ್ಲೇ ಉಳಿಸಿ, ಐದನ್ನು ಕೆಳಗಿನ ತಂಪಾದ ಕೋಣೆಗೆ ತಂದು ಸೀಮೆಸುಣ್ಣದಿಂದ ಅಂಕಿ ಬರೆದಿಟ್ಟರು. ಪುಣೆಗೆ ಹೇಗೆ ಬರೆಯಬೇಕೆಂಬುದು ಅವರಿಗೆ ತಿಳಿಯದು. ಬರೆದುಕೊಡುವೆವೆಂದು ಒಪ್ಪಿಕೊಂಡಿದ್ದ ಇಬ್ಬರು ರಸೀದಿ ಪುಸ್ತಕಗಳನ್ನು ಹಿಂದಿರುಗಿಸಿದ ಬಳಿಕ ಆ ಮನೆಯ ಕಡೆಗೆ ಸುಳಿದಿಲ್ಲ.