ಪಕಾಳಮ್ಮ

ಚಳಿ ಬಿತ್ತೆಂದರೆ ನನಗೆ ಅವಳದೇ ನೆನಪು. 2018ರ ಡಿಸೆಂಬರ್. ನಮ್ಮದು ಬಯಲುಸೀಮೆಯ ಜಂಕ್ಷನ್ ಊರು. ಐದೂವರೆಯ ಪ್ಯಾಸೆಂಜರ್ ಹಿಡಿದು ನಾನು ಶಾಲೆಯ ಕೆಲಸಕ್ಕೆ ಹೋಗುವ ಹೊತ್ತಿಗೆ ಮೇಲ್ಸೇತುವೆಯ ಮೆಟ್ಟಿಲಡಿ ಅವಳು ಗೋಣಿಚೀಲ ಹೊದ್ದು ಕೂತಿರುತ್ತಿದ್ದಳು. ಕೂದಲು ಗಂಟುಗಟ್ಟಿತ್ತು, ಕಾಲಲ್ಲಿ ಹುಣ್ಣು. ಇಡ್ಲಿ ಕೊಟ್ಟರೆ ಅಂಗೈಯಲ್ಲಿಟ್ಟುಕೊಂಡು ‘ಪಕಾಳ, ಪಕಾಳ’ ಅನ್ನುವಳು. ಹುಡುಗರು ಅದನ್ನೇ ಹೆಸರು ಮಾಡಿಬಿಟ್ಟರು, ಪಕಾಳಮ್ಮ.

ಟೀ ಅಂಗಡಿಯವರೂ ನಾನೂ ಠಾಣೆಗೆ ಹೋಗಿ ತಿಳಿಸಿದೆವು. ಆಸ್ಪತ್ರೆಗೆ ಸೇರಿಸಿದರು. ಸ್ಕಿಜೋಫ್ರೇನಿಯಾ ಎಂದರು. ಸದ್ಯ, ನಮ್ಮ ಕೆಲಸ ಮುಗಿಯಿತು ಅಂದುಕೊಂಡೆವು.

ಒಂದೂವರೆ ತಿಂಗಳಿಗೆ ಅದೇ ಮೆಟ್ಟಿಲಡಿ ಮತ್ತೆ ಕಂಡಳು. ಕೂದಲು ಕತ್ತರಿಸಿದ್ದರು, ಮೈಮೇಲೆ ಒಗೆದ ಸೀರೆ, ಸೆರಗಿನ ಗಂಟಿನಲ್ಲಿ ಹದಿನೈದು ದಿನದ ಮಾತ್ರೆ. ಚೀಟಿಯಲ್ಲಿ ‘ರಾತ್ರಿ ಊಟದ ನಂತರ’ ಎಂದಿತ್ತು. ರಾತ್ರಿ ಊಟವೇ ಇಲ್ಲದವಳು ಅದನ್ನು ಯಾವಾಗ ನುಂಗಬೇಕು? ಆ ಚೀಟಿ ಹಿಡಿದು ನಿಂತದ್ದು ಇವತ್ತಿಗೂ ಎದೆಯಲ್ಲಿ ಚುಚ್ಚುತ್ತದೆ. ಯುಗಾದಿಯ ಹೊತ್ತಿಗೆ ಗೋಣಿಚೀಲ ಮತ್ತೆ ಮೈಮೇಲೆ ಬಂದಿತ್ತು.

ಆಗಲೇ ನಾನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತರಿಸಿ ಓದಿದ್ದು. ಅದರ 100ನೇ ಸೆಕ್ಷನ್ನಿನಲ್ಲಿ ಎಲ್ಲವೂ ಇದೆ: ಹೀಗೆ ಅಲೆಯುವವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು, ಲಾಕಪ್ಪಿಗೆ ಹಾಕಕೂಡದು, ಕಾಣೆಯಾದವರೆಂದು ದೂರು ದಾಖಲಿಸಿ ಮನೆಯವರನ್ನು ಹುಡುಕಬೇಕು. ದಾಖಲು ಬೇಡವೆಂದು ವೈದ್ಯರು ಹೇಳಿದರೂ, ಮನೆಯಿಲ್ಲದವರನ್ನು ಬಿಡಬೇಕಾದದ್ದು ಸರ್ಕಾರಿ ಆಶ್ರಯಕ್ಕೆ, ಬೀದಿಗಲ್ಲ.

ಅದೇ ಬೇಸಿಗೆ ಮನೆಗೆ ನಲ್ಲಿ ಜೋಡಿಸಲು ಬಂದ ಹುಡುಗ ಒಡಿಶಾದ ಕೇಂದ್ರಾಪಡಾದವನು. ಆ ಜಿಲ್ಲೆಯವರು ಪ್ಲಂಬಿಂಗಿಗೆ ದೇಶವೆಲ್ಲ ಸುತ್ತುತ್ತಾರೆ. ಮಾತಿಗೆ ಮಾತು ಬಂದು ಪಕಾಳಮ್ಮನ ಕಥೆ ಹೇಳಿದೆ. ಅವನು ಪೈಪು ಕೆಳಗಿಟ್ಟ. ‘ಸಾರ್, ಅದು ಪಖಾಳ. ನಮ್ಮ ಕಡೆ ನೀರಲ್ಲಿ ನೆನೆಸಿದ ಅನ್ನ.’

ನನ್ನ ಹೆಂಡತಿ ರಾತ್ರಿಯ ತಂಗಳನ್ನಕ್ಕೆ ನೀರು ಹುಯ್ದು, ಉಪ್ಪು, ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿಕೊಟ್ಟಳು. ಹುಡುಗ ಅದನ್ನು ಮೆಟ್ಟಿಲಡಿಗೆ ಒಯ್ದು, ಪಕಾಳಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತು ‘ಮಾವುಸಿ’ (ಚಿಕ್ಕಮ್ಮ) ಅಂತ ಕರೆದ. ಪಾತ್ರೆಯ ನೀರನ್ನೂ ಬಿಡದೆ ಕುಡಿದಳು. ಆಮೇಲೆ, ನಿಧಾನಕ್ಕೆ, ಊರಿನ ಹೆಸರು ಹೇಳಿದಳು. ಆರು ತಿಂಗಳು ಅವಳು ಊಟ ಕೇಳುತ್ತಿದ್ದಳು, ನಾವು ಅದನ್ನು ಹುಚ್ಚು ಅಂದುಕೊಂಡಿದ್ದೆವು.

ಎರಡನೆಯ ಸಲ ಆಸ್ಪತ್ರೆಗೆ ಸೇರಿಸುವಾಗ ಎಲ್ಲವೂ ಒಟ್ಟಿಗೆ ನಡೆಯಿತು. ಪಕ್ಕದ ಜಿಲ್ಲೆಯ ಆಶ್ರಯಧಾಮದಲ್ಲಿ ಮೊದಲೇ ಹಾಸಿಗೆ ಗೊತ್ತುಮಾಡಿದೆವು. ದಿನದ ಮಾತ್ರೆಯ ಬದಲು ತಿಂಗಳಿಗೊಂದು ಇಂಜೆಕ್ಷನ್, ಹುಣ್ಣಿಗೆ ದಿನಾ ಡ್ರೆಸ್ಸಿಂಗ್, ಠಾಣೆಯಿಂದ ಒಡಿಶಾಕ್ಕೆ ಫೋನು. ಒಂದು ಸಂಜೆ ವಿಡಿಯೊ ಕರೆಯಲ್ಲಿ ಅಣ್ಣನ ಮುಖ ಕಂಡಾಗ ಅವಳು ಸೆರಗು ತಲೆಮೇಲೆ ಎಳೆದುಕೊಂಡಳು.

ಎಲ್ಲರಿಗೂ ಅಣ್ಣ ಸಿಗುವುದಿಲ್ಲ. ಆಶ್ರಯಧಾಮದ ಸಮಾಜ ಕಾರ್ಯಕರ್ತೆ ಚೆನ್ನೈನ ‘ದಿ ಬ್ಯಾನಿಯನ್’ ವಿಷಯ ಹೇಳಿದ್ದು ಆಗಲೇ. ಬೀದಿಯಲ್ಲಿದ್ದ ಒಬ್ಬಾಕೆಗೆ ಎಲ್ಲಿಯೂ ಜಾಗ ಸಿಗದೆ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ತರುಣಿಯರು 1993ರಲ್ಲಿ ತಾವೇ ಕಟ್ಟಿದ ಸಂಸ್ಥೆಯದು. ಮನೆಗೆ ಮರಳಲಾಗದವರು ನಾಲ್ಕೈದು ಜನ ಸೇರಿ ಊರೊಳಗೇ ಬಾಡಿಗೆ ಮನೆಯಲ್ಲಿರುತ್ತಾರಂತೆ. ತಾವೇ ಅಡುಗೆ, ತಾವೇ ಸಂತೆ. ಇಂಥ ಮನೆಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಬೇಕು.

ನಿಮ್ಮೂರ ನಿಲ್ದಾಣದಲ್ಲೂ ಒಬ್ಬರು ಕೂತಿರಬಹುದು. ಠಾಣೆಗೆ ತಿಳಿಸಿ, ದಾರಿ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಆಸ್ಪತ್ರೆಗೆ ಸೇರಿಸಿದ ದಿನವೇ, ಬಿಡುಗಡೆಯಾದ ರಾತ್ರಿ ಅವರು ಎಲ್ಲಿ ಮಲಗುತ್ತಾರೆಂದು ಕೇಳಿ ಬನ್ನಿ.